ಮಣ್ಣಿಗೆ ಬರಬೇಕಾದವರ ಟಿಕೆಟ್: ರೈಲಿನಲ್ಲಿ ಸಾವಿಗೊಂದು ಕೋಟಾ ಇದೆ, ವಿಮಾನದಲ್ಲಿ ಯಾಕಿಲ್ಲ?

ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಯಾರಾದರೂ ತೀರಿಕೊಂಡ ಸುದ್ದಿ ಬಂದರೆ ಎಲ್ಲರೂ ಮೊದಲು ಕೇಳೋದು ಒಂದೇ ಪ್ರಶ್ನೆ: ‘ಮಣ್ಣು ಯಾವಾಗ?’ ಉತ್ತರ ಸಾಮಾನ್ಯವಾಗಿ ಅವತ್ತೇ ಸಂಜೆ, ಇಲ್ಲಾಂದ್ರೆ ಮರುದಿನ ಮಧ್ಯಾಹ್ನ. ಲಿಂಗಾಯತರಿರಲಿ, ಮುಸ್ಲಿಮರಿರಲಿ, ಹೆಚ್ಚು ಹೊತ್ತು ಕಾಯಿಸುವ ರೂಢಿ ಇಲ್ಲ. ಮದುವೆಗೆ ಹೋಗದಿದ್ದರೆ ನಡೀತದೆ. ಮಣ್ಣಿಗೆ ಹೋಗದಿದ್ದರೆ ಆ ಮಾತು ವರ್ಷಗಟ್ಟಲೆ ಉಳೀತದೆ. ಬೇರೆಯವರು ಆಡದಿದ್ದರೂ ನಮ್ಮ ಮನಸ್ಸಿನಲ್ಲಿ ಉಳೀತದೆ.

ಈ ಮೂರು ತಾಲ್ಲೂಕಿನ ಮಕ್ಕಳು ಈಗ ಬೆಂಗಳೂರು, ಪುಣೆ, ಹೈದರಾಬಾದ್, ದೆಹಲಿಯಲ್ಲಿದ್ದಾರೆ. ಜಮ್ಮು, ಅಸ್ಸಾಂ ಗಡಿಗಳಲ್ಲಿ ಸೇನೆಯಲ್ಲಿದ್ದಾರೆ. ಅವರ ಕೈಯಲ್ಲಿ ಇರೋದು 20–24 ತಾಸು. ದೂರದ ಊರುಗಳಿಂದ ಇಷ್ಟು ಹೊತ್ತಿನಲ್ಲಿ ತಲುಪೋಕೆ ವಿಮಾನ ಬಿಟ್ಟರೆ ದಾರಿ ಇಲ್ಲ. ಆದರೆ ವಿಮಾನದ ಟಿಕೆಟ್ ಅತಿ ತುಟ್ಟಿಯಾಗೋದೂ ಅದೇ ಕೊನೆಯ 24 ತಾಸಿನಲ್ಲಿ.

ನಾನು ಬೆಂಗಳೂರಿನಲ್ಲಿ ಇರೋದರಿಂದ ಊರಿನ ಹುಡುಗರಿಗೆ ಒಂದು ತರಹ ಟಿಕೆಟ್ ಏಜೆಂಟ್ ಆಗಿಬಿಟ್ಟಿದ್ದೇನೆ. “ಅಣ್ಣಾ, ಅಪ್ಪಾರು ಹೋದ್ರು. ಮಣ್ಣು ನಾಳೆ ಮಧ್ಯಾಹ್ನ ಅಂತ. ದಿಲ್ಲಿಯಿಂದ ಏನಾರ ಐತೇನು ನೋಡು” ಅಂತ ಮೂಡಲಗಿಯ ಹುಡುಗನೊಬ್ಬ ಫೋನ್ ಮಾಡಿದ್ದ. ದರ ಹೇಳಿದೆ. ಅವನು ದುಡ್ಡು ಹೊಂದಿಸಿಕೊಂಡು ಮತ್ತೆ ಫೋನ್ ಮಾಡುವಷ್ಟರಲ್ಲಿ ಅದೇ ಸೀಟು ಒಂದೂವರೆ ಪಟ್ಟು ಆಗಿತ್ತು. ಅವನು ಅತ್ತಿದ್ದು ಅಪ್ಪನಿಗೋ, ಟಿಕೆಟ್ಟಿಗೋ, ಎರಡಕ್ಕೂನೋ ಗೊತ್ತಾಗಲಿಲ್ಲ.

ಈ ಲೇಖನದಲ್ಲಿ ಎರಡು ವಿಷಯ ಹೇಳ್ತೀನಿ. ಒಂದು, ಇಂಥ ಹೊತ್ತಲ್ಲಿ ಕಡಿಮೆ ದರದ ದಾರಿ ಹುಡುಕೋದು ಹೇಗೆ. ಇನ್ನೊಂದು, ಈ ದರ ನಮ್ಮ ದುರದೃಷ್ಟವಲ್ಲ, ಅದೊಂದು ನೀತಿ ಅನ್ನೋದು.

ಕೊನೇ ದಿನ ದರ ಯಾಕೆ ಏರುತ್ತೆ?

ಒಂದು ವಿಮಾನದ ಎಕಾನಮಿ ಸೀಟುಗಳೆಲ್ಲ ನೋಡೋಕೆ ಒಂದೇ ತರಹ ಇದ್ದರೂ ಕಂಪನಿಯ ಕಂಪ್ಯೂಟರಿನಲ್ಲಿ ಅವು ಬೇರೆ ಬೇರೆ ದರದ ಗುಂಪುಗಳಾಗಿರುತ್ತವೆ. ಕಡಿಮೆ ದರದ ಗುಂಪು ಮೊದಲು ಮಾರಾಟಕ್ಕೆ ಬರುತ್ತೆ. ಅದು ಮುಗಿದ ಮೇಲೆ ಅದರ ಮೇಲಿನದು. ಕೊನೆಗೆ ಉಳಿಯೋದು ಅತಿ ಹೆಚ್ಚು ದರದ ಕೆಲವು ಸೀಟು.

ಈ ಸೀಟುಗಳನ್ನು ಕಂಪನಿಗಳು ಬೇಕಂತಲೇ ಉಳಿಸಿಕೊಳ್ಳುತ್ತವೆ. ಅವರ ಲೆಕ್ಕ ಸರಳ: ಹೊರಡುವ ಹಿಂದಿನ ದಿನ ಟಿಕೆಟ್ ಕೊಳ್ಳುವವನು ಆಫೀಸಿನ ಖರ್ಚಲ್ಲಿ ಓಡಾಡುವ ವ್ಯಾಪಾರಸ್ಥ, ಎಷ್ಟು ಹೇಳಿದರೂ ಕೊಡ್ತಾನೆ. ಆ ಕಂಪ್ಯೂಟರಿಗೆ ಮೀಟಿಂಗಿಗೆ ಹೊರಟವನೂ ಅವ್ವನ ಮಣ್ಣಿಗೆ ಹೊರಟವನೂ ಒಂದೇ. ಇಬ್ಬರೂ ‘ದರ ನೋಡದೆ ಕೊಳ್ಳುವ ಗಿರಾಕಿ’. ವ್ಯತ್ಯಾಸ ಏನಂದ್ರೆ, ಮೊದಲನೆಯವನ ಬಿಲ್ಲು ಕಂಪನಿ ಕಟ್ಟುತ್ತೆ. ಎರಡನೆಯವನು ಕೈಗಡ ಮಾಡ್ತಾನೆ.

‘ಮೊಬೈಲಿನಲ್ಲಿ ಪದೇ ಪದೇ ಹುಡುಕಿದ್ದಕ್ಕೇ ದರ ಏರಿತು, ಇನ್‌ಕಾಗ್ನಿಟೊದಲ್ಲಿ ನೋಡು’ ಅಂತ ಹೇಳೋರಿದ್ದಾರೆ. ಅದರ ಮೇಲೆ ಭರವಸೆ ಇಟ್ಟು ಹೊತ್ತು ಕಳೀಬೇಡಿ. ದರ ಏರೋದು ಕಡಿಮೆ ದರದ ಗುಂಪಿನ ಸೀಟು ಖಾಲಿಯಾದಾಗ.

ಮೊದಲ ಅರ್ಧ ತಾಸಿನಲ್ಲಿ ಮಾಡಬೇಕಾದ್ದು

ದುಃಖದಲ್ಲಿ ಇರುವವರ ಕೈಗೆ ಮೊಬೈಲ್ ಕೊಟ್ಟು ಟಿಕೆಟ್ ಹುಡುಕು ಅನ್ನಬಾರದು. ಗೆಳೆಯರಲ್ಲಿ ಒಬ್ಬರು ಆ ಕೆಲಸ ಹೊತ್ತುಕೊಳ್ಳಿ. ಇನ್ನೊಬ್ಬರು ಊರಿಗೆ ಫೋನ್ ಮಾಡಿ ಮಣ್ಣಿನ ಹೊತ್ತು ಖಚಿತ ಮಾಡಿಕೊಳ್ಳಿ. ಹಿರಿಯರ ಹತ್ತಿರ ನೇರವಾಗಿ ಕೇಳಿ: ‘ಮಗ ನಾಳೆ ಮಧ್ಯಾಹ್ನ ಮುಟ್ತಾನ, ಸಂಜೀತನಕ ತಡೀತೀರೇನ್ರಿ?’ ಬಾಡಿಗೆಗೆ ಫ್ರೀಜರ್ ಪೆಟ್ಟಿಗೆ ಸಿಗೋ ಕಡೆ ಇದು ಸಾಧ್ಯ. ನಾಲ್ಕೈದು ತಾಸು ತಡೆದರೆ ಇವತ್ತಿನ ಸಂಜೆಯ ವಿಮಾನದ ಬದಲು ನಾಳೆ ನಸುಕಿನ ವಿಮಾನ ಸಾಕಾಗಬಹುದು. ಎರಡರ ದರಕ್ಕೆ ಬಹಳ ಅಂತರ ಇರೋದುಂಟು. ಈ ಮಾತು ಕೇಳೋಕೆ ಸಂಕೋಚ ಆಗುತ್ತೆ, ಆದರೂ ಕೇಳಿ.

ಆಮೇಲೆ ಟಿಕೆಟ್. ಇವಿಷ್ಟು ನೆನಪಿರಲಿ:

ಒಂದು, ಒಬ್ಬೊಬ್ಬರಿಗೇ ಹುಡುಕಿ. ನಾಲ್ಕು ಜನಕ್ಕೆ ಒಟ್ಟಿಗೆ ಹುಡುಕಿದರೆ, ನಾಲ್ಕೂ ಸೀಟು ಸಿಗುವ ಗುಂಪಿನ ದರವನ್ನೇ ಎಲ್ಲರಿಗೂ ತೋರಿಸುತ್ತೆ. ಉದಾಹರಣೆಗೆ 6,000 ರೂಪಾಯಿಯ ಒಂದೇ ಸೀಟು ಉಳಿದಿದೆ, ಉಳಿದವು 9,000 ಅಂದುಕೊಳ್ಳಿ. ಒಟ್ಟಿಗೆ ಹುಡುಕಿದರೆ 36,000. ಒಬ್ಬರಿಗೆ ಬೇರೆ, ಮೂವರಿಗೆ ಬೇರೆ ಮಾಡಿದರೆ 33,000. ಆ 3,000 ಊರಿನ ಟ್ಯಾಕ್ಸಿಗಾಗುತ್ತೆ.

ಎರಡು, ವಾಪಸ್ ಟಿಕೆಟ್ ಆಗಲೇ ಮಾಡಬೇಡಿ. ದೇಶದೊಳಗಿನ ವಿಮಾನಗಳಲ್ಲಿ ಹೋಗೋದಕ್ಕೂ ಬರೋದಕ್ಕೂ ದರ ಬೇರೆ ಬೇರೆಯೇ ಲೆಕ್ಕ ಆಗುತ್ತೆ. ದಿವಸದ ಕಾರ್ಯ ಯಾವತ್ತು ಅಂತ ಗೊತ್ತಾದ ಮೇಲೆ ಮಾಡಿದರೆ ರದ್ದತಿ ಶುಲ್ಕವಾದರೂ ಉಳಿಯುತ್ತೆ.

ಮೂರು, ಬುಕಿಂಗ್ ಆ್ಯಪಿನಲ್ಲಿ ದರ ಹೋಲಿಸಿ, ಆದರೆ ಹಣ ಕಟ್ಟುವ ಮೊದಲು ಕಂಪನಿಯ ಸ್ವಂತ ವೆಬ್‌ಸೈಟನ್ನೂ ನೋಡಿ. ಆ್ಯಪಿನ ಶುಲ್ಕ ಕೊನೇ ಪುಟದಲ್ಲಷ್ಟೇ ಕಾಣಿಸುತ್ತೆ. ಸೇನೆಯವರು, ವಿದ್ಯಾರ್ಥಿಗಳು, 60 ದಾಟಿದವರಿಗೆ ದೊಡ್ಡ ಕಂಪನಿಗಳಲ್ಲಿ ರಿಯಾಯಿತಿ ದರ ಇದೆ. ಅದನ್ನು ಆಯ್ಕೆ ಮಾಡಿ ನೋಡಿ, ಮಾಮೂಲಿ ದರದ ಜೊತೆ ಹೋಲಿಸಿ. ಗುರುತಿನ ಚೀಟಿ ಕೈಯಲ್ಲೇ ಇರಲಿ.

ನಾಲ್ಕು, ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ವಿಮಾನ ಬದಲಿಸೋದಾದರೆ ಒಂದೇ ಟಿಕೆಟಿನಲ್ಲಿ ಎರಡೂ ಇರಲಿ. ಬೇರೆ ಬೇರೆ ಟಿಕೆಟ್ ಅಗ್ಗ ಅಂತ ತಗೊಂಡು ಮೊದಲ ವಿಮಾನ ತಡವಾದರೆ, ಎರಡನೆಯದು ತಪ್ಪಿದ ಹೊಣೆ ಯಾರೂ ಹೊರೋದಿಲ್ಲ.

ಐದು, ಕಾಯಬೇಡಿ. ಕೊನೇ 24 ತಾಸಿನಲ್ಲಿ ದರ ಇಳೀತದೆ ಅಂತ ನಂಬಿ ಕೂತರೆ ಇರೋ ಸೀಟೂ ಹೋಗುತ್ತೆ. ಅರ್ಧ ತಾಸು ನೋಡಿ, ನಿರ್ಧಾರ ಮಾಡಿ.

ಬೇರೆ ಕೆಲಸಕ್ಕೆ ಮೊದಲೇ ಮಾಡಿಸಿದ್ದ ಟಿಕೆಟ್ ಈ ಸಾವಿನಿಂದ ವ್ಯರ್ಥವಾದರೆ ಅದನ್ನು ಪೂರ್ತಿ ಕೈಬಿಡಬೇಡಿ. ‘ಹಣ ವಾಪಸ್ ಇಲ್ಲ’ ಅನ್ನುವ ಟಿಕೆಟ್ ಆದರೂ ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕಗಳನ್ನು ಹಿಂದಿರುಗಿಸಬೇಕು ಅಂತ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎಯ ನಿಯಮವಿದೆ. ಕೇಳಿ ತಗೊಳ್ಳಿ. ಕೊಡದಿದ್ದರೆ ಏರ್‌ಸೇವಾ ಪೋರ್ಟಲಿನಲ್ಲಿ ದೂರು ಕೊಡಿ.

ಸಾಂಬ್ರಾ ಒಂದೇ ಅಲ್ಲ

ನಮಗೆ ಹತ್ತಿರದ ವಿಮಾನ ನಿಲ್ದಾಣ ಬೆಳಗಾವಿಯ ಸಾಂಬ್ರಾ. ಆದರೆ ಅಲ್ಲಿಗೆ ಬರುವ ವಿಮಾನಗಳು ಕಡಿಮೆ, ಸೀಟುಗಳೂ ಕಡಿಮೆ. ಹಾಗಾಗಿ ದರ ಬೇಗ ಏರುತ್ತೆ. ಸುತ್ತಲಿನ ನಿಲ್ದಾಣಗಳನ್ನೂ ನೋಡಬೇಕು.

ಹುಕ್ಕೇರಿ, ಸಂಕೇಶ್ವರದವರಿಗೆ ಕೊಲ್ಹಾಪುರ ದೂರವೇನಲ್ಲ, ಹೆದ್ದಾರಿ ನೇರ ಇದೆ. ಗೋಕಾಕ, ಮೂಡಲಗಿಯವರಿಗೆ ಹುಬ್ಬಳ್ಳಿ ಇನ್ನೊಂದು ದಾರಿ. ದೆಹಲಿಯಂಥ ದೂರದ ಊರಿನಿಂದ ಬರುವವರು ಗೋವಾ ಮತ್ತು ಪುಣೆ ಎರಡನ್ನೂ ನೋಡಲೇಬೇಕು. ದೊಡ್ಡ ನಿಲ್ದಾಣಗಳಿಗೆ ದಿನಕ್ಕೆ ಹಲವು ವಿಮಾನ, ಹಲವು ಕಂಪನಿ, ಹಾಗಾಗಿ ಕೊನೇ ದಿನವೂ ಸ್ವಲ್ಪ ಪೈಪೋಟಿ ಉಳಿದಿರುತ್ತೆ. ಗೋವಾದಲ್ಲಿ ಎರಡು ನಿಲ್ದಾಣ ಇವೆ, ಹಳೆಯ ದಾಬೋಲಿಂ ಮತ್ತು 2023ರಲ್ಲಿ ಶುರುವಾದ ಮೋಪಾ. ಎರಡನ್ನೂ ಬೇರೆ ಬೇರೆಯಾಗಿ ಹುಡುಕಿ.

ಟಿಕೆಟ್ ದರದ ಜೊತೆ ಟ್ಯಾಕ್ಸಿಯ ಖರ್ಚನ್ನೂ ತಾಸುಗಳನ್ನೂ ಕೂಡಿಸಿ ನೋಡಿ. ಪುಣೆಯಿಂದ ರಸ್ತೆಯಲ್ಲಿ ಬರೋಕೆ ಹತ್ತಿರ ಹತ್ತಿರ ಅರ್ಧ ದಿನ ಬೇಕು. ಗೋವಾದಿಂದ ಘಟ್ಟ ಹತ್ತಬೇಕು, ಮಳೆಗಾಲದಲ್ಲಿ ಇನ್ನೂ ನಿಧಾನ. ಒಬ್ಬರಿಗೆ ಇದು ದುಬಾರಿ ಆಗಬಹುದು. ಒಂದೇ ಮನೆಯ ಮೂರು ನಾಲ್ಕು ಜನ ಒಟ್ಟಿಗೆ ಬರೋದಾದರೆ ಲಾಭ.

ಬೆಂಗಳೂರಿನಿಂದ ಬರೋರಿಗೆ ವಿಮಾನವೇ ಬೇಕಂತಿಲ್ಲ. 2025ರ ಆಗಸ್ಟಿನಲ್ಲಿ ಶುರುವಾದ ವಂದೇ ಭಾರತ್ ಮಧ್ಯಾಹ್ನ ಬೆಂಗಳೂರು ಬಿಟ್ಟು ರಾತ್ರಿ ಬೆಳಗಾವಿ ಮುಟ್ಟುತ್ತೆ. ರಾತ್ರಿ ಹೊರಡುವ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಘಟಪ್ರಭಾದಲ್ಲೇ ನಿಲ್ಲುತ್ತೆ. ಬಸ್ಸುಗಳಂತೂ ಇದ್ದೇ ಇವೆ.

ರೈಲ್ವೆಯ ಒಂದು ಬಾಗಿಲು, ಹೆಚ್ಚಿನವರಿಗೆ ಗೊತ್ತಿಲ್ಲದ್ದು

ತತ್ಕಾಲ್ ಎಲ್ಲರಿಗೂ ಗೊತ್ತು. ಹಿಂದಿನ ದಿನ ಎಸಿಗೆ ಬೆಳಗ್ಗೆ 10ಕ್ಕೆ, ಉಳಿದವಕ್ಕೆ 11ಕ್ಕೆ ತೆರೆಯುತ್ತೆ. 2025ರ ಜುಲೈನಿಂದ ಆನ್‌ಲೈನ್ ತತ್ಕಾಲಿಗೆ ಆಧಾರ್ ಜೋಡಿಸಿದ ಖಾತೆಯೇ ಬೇಕು. ಖಾತೆಗೆ ಆಧಾರ್ ಜೋಡಿಸೋ ಕೆಲಸವನ್ನು ಇವತ್ತೇ ಮಾಡಿಟ್ಟುಕೊಳ್ಳಿ, ಸಾವಿನ ದಿನ ಒಟಿಪಿ ಹಿಂದೆ ಓಡೋದು ಬೇಡ.

ಗೊತ್ತಿಲ್ಲದ್ದು ತುರ್ತು ಕೋಟಾ, ‘ಇಕ್ಯೂ’ ಅಂತಾರೆ. ಬಹಳ ರೈಲುಗಳಲ್ಲಿ ಕೆಲವು ಬರ್ತ್‌ಗಳನ್ನು ಕೊನೆಯ ತನಕ ಮಾರದೆ ಇಟ್ಟಿರುತ್ತಾರೆ. ಇದು ಮೊದಲು ಹೋಗೋದು ಸಂಸದರು, ದೊಡ್ಡ ಅಧಿಕಾರಿಗಳಿಗೆ. ಆದರೆ ಉಳಿದದ್ದನ್ನು ಹಂಚುವಾಗ ಪರಿಗಣಿಸಬೇಕಾದ ಕಾರಣಗಳನ್ನು ರೈಲ್ವೆಯೇ ಪಟ್ಟಿ ಮಾಡಿದೆ: ಸರ್ಕಾರಿ ಕೆಲಸ, ಕಾಯಿಲೆ, ಉದ್ಯೋಗದ ಸಂದರ್ಶನ, ಕುಟುಂಬದಲ್ಲಿ ಸಾವು. ಹೌದು, ಸಾವು ಅಂತ ಸ್ಪಷ್ಟವಾಗಿಯೇ ಇದೆ.

ಮಾಡಬೇಕಾದ್ದು ಇಷ್ಟು. ಮೊದಲು ವೇಟಿಂಗ್ ಲಿಸ್ಟ್ ಟಿಕೆಟ್ ತಗೊಳ್ಳಿ. ಪಿಎನ್‌ಆರ್ ಸಂಖ್ಯೆ, ಕಾರಣ ಬರೆದು ರೈಲು ಹೊರಡುವ ಊರಿನ ವಿಭಾಗೀಯ ಕಚೇರಿಗೆ ಮನವಿ ಮುಟ್ಟಿಸಿ. 2025ರ ಜುಲೈ ಸುತ್ತೋಲೆಯ ಪ್ರಕಾರ ಮಧ್ಯಾಹ್ನ 2ರ ಒಳಗೆ ಹೊರಡುವ ರೈಲಿಗೆ ಹಿಂದಿನ ದಿನ 12 ಗಂಟೆಯೊಳಗೆ, ಆಮೇಲಿನ ರೈಲಿಗೆ ಹಿಂದಿನ ದಿನ ಸಂಜೆ 4ರೊಳಗೆ ಮನವಿ ತಲುಪಬೇಕು. ಸಂಸದರ ಕಚೇರಿಯ ಪತ್ರ ಇದ್ದರೆ ಕೆಲಸ ಸುಲಭ. ಗೋಕಾಕದವರೂ ಅರಭಾವಿ ಕ್ಷೇತ್ರಕ್ಕೆ ಸೇರಿದ ಮೂಡಲಗಿಯವರೂ ಬೆಳಗಾವಿ ಸಂಸದರನ್ನು, ಹುಕ್ಕೇರಿ, ಯಮಕನಮರಡಿಯವರು ಚಿಕ್ಕೋಡಿ ಸಂಸದರನ್ನು ಕೇಳಬೇಕು. ನಿಮ್ಮ ವೋಟು ಪಡೆದವರು. ಫೋನ್ ಮಾಡೋಕೆ ನಾಚಿಕೆ ಬೇಡ.

ಈ ವ್ಯವಸ್ಥೆಯಲ್ಲಿ ತಾರತಮ್ಯ ಇದೆ. ಪತ್ರ ತರಿಸುವ ಕೈ ಇದ್ದವನಿಗೆ ಬರ್ತ್ ಸಿಗುತ್ತೆ, ಇಲ್ಲದವನಿಗೆ ಸಿಗೋದು ಕಷ್ಟ. ಅವತ್ತೇ ಹೊರಡಬೇಕಾದವರಿಗಂತೂ ಇದು ಉಪಯೋಗಕ್ಕಿಲ್ಲ. ಆದರೂ ಒಂದು ಮಾತು ಒಪ್ಪಲೇಬೇಕು. ಸಾವು ಹೇಳಿ ಕೇಳಿ ಬರೋದಿಲ್ಲ, ಅದಕ್ಕೊಂದು ಸೀಟು ಉಳಿಸಿಡಬೇಕು ಅನ್ನೋ ತಿಳಿವಳಿಕೆ ರೈಲ್ವೆಯ ನಿಯಮದಲ್ಲಿದೆ.

ವಿಮಾನಕ್ಕೆ ಈ ನಿಯಮ ಯಾಕಿಲ್ಲ?

‘ವಿಮಾನ ಖಾಸಗಿ, ದರ ಮಾರುಕಟ್ಟೆಗೆ ಬಿಟ್ಟಿದ್ದು’ ಅನ್ನೋದು ಸಾಮಾನ್ಯ ಉತ್ತರ. ಅರ್ಧ ನಿಜ. 1994ರಲ್ಲಿ ಏರ್ ಕಾರ್ಪೊರೇಷನ್ಸ್ ಕಾಯ್ದೆ ರದ್ದಾದ ಮೇಲೆ ದರ ನಿಗದಿ ಕಂಪನಿಗಳ ಕೈಗೆ ಹೋಯಿತು. ಆದರೆ 1937ರ ವಿಮಾನ ನಿಯಮಗಳ 135ನೇ ನಿಯಮ ದರ ‘ಸಮಂಜಸ’ ಆಗಿರಬೇಕು ಅನ್ನುತ್ತೆ. ಖರ್ಚು, ಸೇವೆ, ನ್ಯಾಯಯುತ ಲಾಭ ನೋಡಿ ದರ ಇಡಬೇಕು. ಮಿತಿಮೀರಿದರೆ ಡಿಜಿಸಿಎ ನಿರ್ದೇಶನ ಕೊಡಬಹುದು. ದರದ ಮೇಲೆ ನಿಗಾ ಇಡೋಕೆ 2010ರಿಂದ ಒಂದು ಘಟಕವೂ ಇದೆ. ಅದು ಆಯ್ದ ಮಾರ್ಗಗಳಲ್ಲಿ ನೋಡೋದು ಕಂಪನಿ ತಾನೇ ಪ್ರಕಟಿಸಿದ ದರದ ಮಿತಿಯೊಳಗೆ ಇದೆಯೋ ಇಲ್ಲವೋ ಅನ್ನೋದನ್ನ. ಗೆರೆ ಎಳೆಯೋದೂ ಕಂಪನಿಯೇ, ಗೆರೆ ದಾಟಿಲ್ಲ ಅನ್ನೋದೂ ಕಂಪನಿಯೇ.

ಹಾಗಂತ ಸರ್ಕಾರದ ಕೈ ಕಟ್ಟಿದೆಯಾ? ಇಲ್ಲ. ಕೋವಿಡ್ ಹೊತ್ತಲ್ಲಿ 2020ರ ಮೇ ತಿಂಗಳಿಂದ 2022ರ ಆಗಸ್ಟ್ 31ರ ತನಕ ದರಕ್ಕೆ ಮಿತಿ ಇತ್ತು. 2025ರ ಡಿಸೆಂಬರಿನಲ್ಲಿ ಇಂಡಿಗೋ ವಿಮಾನಗಳು ಸಾಲುಸಾಲಾಗಿ ರದ್ದಾಗಿ ಉಳಿದ ಕಂಪನಿಗಳ ದರ ಮುಗಿಲಿಗೇರಿದಾಗ, ಡಿಸೆಂಬರ್ 6ರಂದು ಸಚಿವಾಲಯ ಒಂದೇ ಆದೇಶದಲ್ಲಿ ಮಿತಿ ಹಾಕಿತು: 500 ಕಿ.ಮೀ. ತನಕ 7,500, 1,000 ಕಿ.ಮೀ. ತನಕ 12,000, 1,500 ಕಿ.ಮೀ. ತನಕ 15,000, ಅದಕ್ಕೂ ದೂರಕ್ಕೆ 18,000 ರೂಪಾಯಿ. ತೆರಿಗೆ, ಶುಲ್ಕ ಬೇರೆ. ಲಕ್ಷಾಂತರ ಜನಕ್ಕೆ ಒಟ್ಟಿಗೆ ತೊಂದರೆ ಆದಾಗ, ಅದು ಟಿವಿಯಲ್ಲಿ ಬಂದಾಗ ಸರ್ಕಾರ ಕೈಹಾಕುತ್ತೆ. ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ದಿನ ಸಾವಾಗುತ್ತೆ. ಅದು ಸುದ್ದಿಯಾಗೋದಿಲ್ಲ.

ಉಡಾನ್ ನೋಡಿ. ಹವಾಯಿ ಚಪ್ಪಲಿ ಹಾಕಿದವರೂ ವಿಮಾನ ಹತ್ತಬೇಕು ಅಂತ 2017ರಲ್ಲಿ ಶುರುವಾದ ಯೋಜನೆ ಅದು. 2019ರ ಜನವರಿಯಲ್ಲಿ ಮೂರನೇ ಸುತ್ತಿನಲ್ಲಿ ಬೆಳಗಾವಿಗೂ ಬಂತು. ಸುಮಾರು 500 ಕಿ.ಮೀ. ಹಾರಾಟಕ್ಕೆ 2,500 ರೂಪಾಯಿಯ ಮಿತಿ ಅಂತ ಆಗ ಹೇಳಿದ್ದರು. ಆದರೆ ಆ ಮಿತಿ ವಿಮಾನದ ಅರ್ಧದಷ್ಟು ಸೀಟಿಗೆ ಮಾತ್ರ. ಆ ಸೀಟುಗಳು ಮೊದಲು ಬಂದವರಿಗೆ. ಸಾವಿನ ಸುದ್ದಿ ಕೇಳಿ ಹೊರಟವನು ಯಾವಾಗಲೂ ಕೊನೆಗೆ ಬರುವವನು. ಅವನಿಗೆ ಸಿಗೋದು ಉಳಿದರ್ಧದ ಮಾರುಕಟ್ಟೆ ದರ. ಸರ್ಕಾರದ ಸಹಾಯಧನವೂ ಒಂದು ಮಾರ್ಗಕ್ಕೆ ಮೂರು ವರ್ಷ ಅಷ್ಟೇ. ಬೆಳಗಾವಿಗೆ ಹಾರುತ್ತಿದ್ದ ಟ್ರೂಜೆಟ್ ಅಂತೂ 2022ರಲ್ಲಿ ಬಾಗಿಲನ್ನೇ ಹಾಕಿತು.

ಹೊರಗೆ ಏನಿದೆ?

ಡೆಲ್ಟಾ, ಏರ್ ಕೆನಡಾದಂಥ ಕಂಪನಿಗಳು ಹತ್ತಿರದವರ ಸಾವಿಗೆ ಹೊರಟವರಿಗೆ ಬೇರೆ ದರ ಇಟ್ಟಿವೆ. ಅದು ಯಾವಾಗಲೂ ಎಲ್ಲಕ್ಕಿಂತ ಅಗ್ಗ ಅಂತೇನಿಲ್ಲ, ಆದರೆ ದಿನ ಬದಲಿಸುವ ಸಡಿಲಿಕೆ ಸಿಗುತ್ತೆ.

ಅಲ್ಲಿಯೂ ಜಗಳ ಇದೆ. 2022ರಲ್ಲಿ ಅಜ್ಜಿಯ ಸಾವಿಗೆ ಹೊರಟ ಒಬ್ಬರಿಗೆ ಏರ್ ಕೆನಡಾದ ಚಾಟ್‌ಬಾಟ್ ‘ಈಗ ಪೂರ್ತಿ ದರ ಕೊಡಿ, 90 ದಿನದೊಳಗೆ ಅರ್ಜಿ ಹಾಕಿದರೆ ರಿಯಾಯಿತಿ ವಾಪಸ್’ ಅಂದಿತ್ತು. ಆಮೇಲೆ ಕಂಪನಿ ‘ನಮ್ಮ ನಿಯಮ ಹಾಗಿಲ್ಲ’ ಅಂತು. ಚಾಟ್‌ಬಾಟ್ ಹೇಳಿದ್ದಕ್ಕೆ ತಾನು ಹೊಣೆಯಲ್ಲ ಅಂತಲೂ ವಾದಿಸಿತು. 2024ರ ಫೆಬ್ರವರಿಯಲ್ಲಿ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ ಆ ವಾದ ತಳ್ಳಿಹಾಕಿ ಸುಮಾರು 812 ಕೆನಡಾ ಡಾಲರ್ ಕೊಡಿಸಿತು. ದೊಡ್ಡ ಮೊತ್ತವಲ್ಲ. ಆದರೆ ಆ ಪ್ರಯಾಣಿಕರಿಗೆ ಕೇಳೋಕೆ ಒಂದು ನಿಯಮ ಇತ್ತು. ನಮ್ಮ ಕಂಪನಿಗಳ ರಿಯಾಯಿತಿ ಪಟ್ಟಿಯಲ್ಲಿ ವಿದ್ಯಾರ್ಥಿ, ಸೈನಿಕ, ಹಿರಿಯ ನಾಗರಿಕ ಇದ್ದಾರೆ. ಮಣ್ಣಿಗೆ ಹೊರಟವನು ಇಲ್ಲ.

ಏನು ಕೇಳಬೇಕು?

ಎಲ್ಲ ಟಿಕೆಟ್ ಅಗ್ಗ ಮಾಡಿ ಅಂತ ನಾನು ಹೇಳ್ತಿಲ್ಲ. ಎಲ್ಲ ಸೀಟಿಗೂ ಸದಾಕಾಲ ಮಿತಿ ಹಾಕಿದರೆ ಸಣ್ಣ ಊರುಗಳಿಗೆ ಬರುವ ವಿಮಾನವೇ ನಿಲ್ಲಬಹುದು ಅನ್ನೋ ವಾದದಲ್ಲಿ ಹುರುಳಿದೆ. ಕೇಳಬೇಕಾದ್ದು ಚಿಕ್ಕದು.

ಪ್ರತಿ ವಿಮಾನದಲ್ಲಿ ಎರಡು ಸೀಟನ್ನು ಹೊರಡುವ ಕೆಲವು ತಾಸು ಮುಂಚಿನ ತನಕ, ನಿಗದಿತ ದರಕ್ಕೆ, ಸಾವು ಮತ್ತು ತುರ್ತು ಚಿಕಿತ್ಸೆಗೆ ಅಂತ ಉಳಿಸಿಡಲಿ. ಯಾರೂ ಕೇಳದಿದ್ದರೆ ಮಾರಿಕೊಳ್ಳಲಿ. ಸಾರ್ವಜನಿಕರ ಹಣ ಪಡೆಯುವ ಉಡಾನ್ ಮಾರ್ಗಗಳಿಂದಲೇ ಇದನ್ನು ಶುರು ಮಾಡಬಹುದು, ಒಪ್ಪಂದದಲ್ಲಿ ಒಂದು ಷರತ್ತು ಸೇರಿಸಿದರಾಯಿತು.

‘ಸುಳ್ಳು ಹೇಳಿ ಸೀಟು ಪಡೀತಾರೆ’ ಅನ್ನೋದು ಮುಂದಿನ ತಕರಾರು. ಸಾವಿನ ದಿನವೇ ಮರಣ ಪ್ರಮಾಣಪತ್ರ ಸಿಗೋದಿಲ್ಲ ನಿಜ, ಅದನ್ನು ಕೌಂಟರಿನಲ್ಲಿ ಕೇಳೋದೂ ಕ್ರೌರ್ಯ. ಆದರೆ ಕಾನೂನಿನ ಪ್ರಕಾರ ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು, ಕರ್ನಾಟಕದಲ್ಲಿ ಇ-ಜನ್ಮದಲ್ಲಿ ದಾಖಲಾಗುತ್ತೆ. ಪ್ರಯಾಣಿಕ ಒಂದು ತಿಂಗಳೊಳಗೆ ಪ್ರಮಾಣಪತ್ರ ಕೊಡಲಿ, ಕೊಡದಿದ್ದರೆ ಉಳಿದ ದರ ವಸೂಲಿ ಮಾಡಲಿ. ಇಲ್ಲವೇ ಈಗ ಪೂರ್ತಿ ಕಟ್ಟಿಸಿಕೊಂಡು ಆಮೇಲೆ ವ್ಯತ್ಯಾಸ ವಾಪಸ್ ಕೊಡಲಿ.

ಕೇಳೋಕೆ ಇದು ಸರಿಯಾದ ಹೊತ್ತು. 2024ರ ಫೆಬ್ರವರಿಯಲ್ಲಿ ಸಂಸತ್ತಿನ ಸಾರಿಗೆ ಸ್ಥಾಯಿ ಸಮಿತಿಯೇ ಮಾರ್ಗವಾರು ದರ ಮಿತಿ ಬೇಕು, ದರ ನಿಯಂತ್ರಣಕ್ಕೆ ಪ್ರತ್ಯೇಕ ಸಂಸ್ಥೆ ಬೇಕು ಅಂತ ಶಿಫಾರಸು ಮಾಡಿದೆ. 2025ರ ನವೆಂಬರಿನಲ್ಲಿ ವಿಮಾನ ದರದ ಏರಿಳಿತದ ಬಗ್ಗೆ ಸುಪ್ರೀಂ ಕೋರ್ಟ್ ಕೇಂದ್ರಕ್ಕೆ ನೋಟಿಸ್ ಕೊಟ್ಟಿದೆ. ಈ ಚರ್ಚೆಯಲ್ಲಿ ಕೇಳಿಸೋದು ಹಬ್ಬದ ದರ, ಕುಂಭಮೇಳದ ದರ. ಮಣ್ಣಿನ ದರದ ಮಾತು ಯಾರೂ ಎತ್ತಿಲ್ಲ.

ನಮ್ಮ ಭಾಗದಲ್ಲಿ ರಾಜಕಾರಣಿಗಳು ಸಾವಿನ ಮನೆಗೆ ತಪ್ಪದೇ ಬರ್ತಾರೆ, ಹಾರ ಹಾಕ್ತಾರೆ, ಮನೆಯವರ ಹೆಗಲ ಮೇಲೆ ಕೈ ಇಡ್ತಾರೆ. ಮುಂದಿನ ಸಲ ಬಂದಾಗ ಕೇಳಿ: ‘ಸಾಹೇಬ್ರ, ನೀವು ಮಣ್ಣಿಗೆ ಬಂದ್ರಿ, ಭಾಳ ಸಂತೋಷ. ಇವರ ಮಗ ಯಾಕ ಬರಲಿಲ್ಲ ಅಂತ ಲೋಕಸಭೆದಾಗ ಒಮ್ಮೆ ಕೇಳ್ರಿ.’